ಸಕ್ಕರೆ ಕಾಯಿಲೆ: ಮನೆಯಲ್ಲಿ ಅಳೆಯುವ ಬಗೆ, ಅಳತೆಯಿಂದ ದಿನಚರಿ ತಿದ್ದಿಕೊಳ್ಳುವ ಬಗೆ

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಸಕ್ಕರೆ ಕಾಯಿಲೆ ಇರುವ ಅನೇಕರು ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಬಂದ ಅಂಕಿಯನ್ನು ಕಳೆದ ಸಲದ ಅಂಕಿಯೊಂದಿಗೆ ಹೋಲಿಸಿ ನೋಡಿ, ಅವೇ ಗುಳಿಗೆಗಳನ್ನು ಮುಂದುವರಿಸುತ್ತಾರೆ. ಪರೀಕ್ಷೆಗೆ ಎರಡು ದಿನ ಮೊದಲು ಸಿಹಿ ಬಿಟ್ಟು, ಹಿಂದಿನ ರಾತ್ರಿ ಅರ್ಧ ರೊಟ್ಟಿಯಷ್ಟೇ ಉಂಡು ಮಲಗುವವರೂ ಇದ್ದಾರೆ. ಹೀಗೆ ಸಿಕ್ಕ ಅಂಕಿ ಆ ಒಂದು ಬೆಳಗಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು, ಮಧ್ಯಾಹ್ನದ ಊಟದ ನಂತರ ಸಕ್ಕರೆ ಎಲ್ಲಿಗೆ ಏರುತ್ತದೆ, ಹೊಲದಲ್ಲಿ ದುಡಿದ ದಿನ ಎಷ್ಟಕ್ಕೆ ಇಳಿಯುತ್ತದೆ, ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಮನೆಯಲ್ಲಿ ಗ್ಲುಕೋಮೀಟರ್, ಅಂದರೆ ಬೆರಳಿನ ಒಂದು ಹನಿ ರಕ್ತದಿಂದ ಸಕ್ಕರೆ ಅಳೆಯುವ ಸಣ್ಣ ಯಂತ್ರ, ಇಟ್ಟುಕೊಳ್ಳುವುದು ಈ ಪ್ರಶ್ನೆಗಳಿಗೆ ಉತ್ತರ ಪಡೆಯಲೆಂದೇ. ಅಳೆದ ಮೇಲೆ ಯಾವುದಾದರೂ ಒಂದು ಅಭ್ಯಾಸವನ್ನು ಬದಲಿಸುವ ಉದ್ದೇಶವಿಲ್ಲದಿದ್ದರೆ ಬೆರಳು ಚುಚ್ಚಿಕೊಳ್ಳುವುದರಿಂದ ಪ್ರಯೋಜನವಿಲ್ಲ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಎರಡನೆಯ ಬಗೆಯ (ಟೈಪ್ 2) ಮಧುಮೇಹವಿರುವ ವಯಸ್ಕರಿಗಾಗಿ. ಗರ್ಭಿಣಿಯರು, ಮಕ್ಕಳು ಮತ್ತು ಮೊದಲ ಬಗೆಯ ಮಧುಮೇಹವಿರುವವರ ಗುರಿಗಳೂ ಔಷಧದ ಕ್ರಮವೂ ಬೇರೆ. ಅವರು ತಮ್ಮ ವೈದ್ಯರು ಹಾಕಿಕೊಟ್ಟ ಕ್ರಮವನ್ನೇ ಪಾಲಿಸಬೇಕು.

ಗುರಿ ಎಷ್ಟಿರಬೇಕು

ಬಹುಪಾಲು ವಯಸ್ಕರಿಗೆ ಖಾಲಿ ಹೊಟ್ಟೆಯಲ್ಲಿ, ಅಥವಾ ಊಟಕ್ಕೆ ಮುನ್ನ, ಒಂದು ಡೆಸಿಲೀಟರ್ ರಕ್ತದಲ್ಲಿ 80ರಿಂದ 130 ಮಿಲಿಗ್ರಾಂ ಗ್ಲುಕೋಸ್ ಇರುವುದು ಸರಿಯಾದ ಗುರಿ. ಊಟ ಆರಂಭಿಸಿದ ಎರಡು ಗಂಟೆಗೆ ಅದು 180ಕ್ಕಿಂತ ಕೆಳಗಿರಬೇಕು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 7ರೊಳಗೆ ಬಂದರೆ ಒಳ್ಳೆಯದು. ವಯಸ್ಸಾದವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಪದೇ ಪದೇ ಸಕ್ಕರೆ ಇಳಿದು ತಲೆ ಸುತ್ತಿ ಬೀಳುವವರು ಇಷ್ಟು ಬಿಗಿಯಾದ ಗುರಿ ಹಿಡಿಯಬೇಕಿಲ್ಲ, ಹಿಡಿಯಲೂ ಬಾರದು. ಎಂಬತ್ತರ ಅಜ್ಜಿಗೂ ನಲವತ್ತರ ಮಗನಿಗೂ ಒಂದೇ ಗುರಿ ಇಟ್ಟುಕೊಂಡಿರುವ ಮನೆಯವರು ಇದನ್ನು ವೈದ್ಯರೊಡನೆ ಬಿಡಿಸಿ ಮಾತನಾಡಬೇಕು.

ಎಚ್‌ಬಿಎ1ಸಿ ಬಗ್ಗೆ ಇನ್ನೊಂದು ಮಾತು. ಈ ಪರೀಕ್ಷೆ ಕೆಂಪು ರಕ್ತಕಣಗಳಿಗೆ ಅಂಟಿಕೊಂಡ ಗ್ಲುಕೋಸನ್ನು ಅಳೆಯುತ್ತದೆ. ಆ ಕಣಗಳ ಆಯುಸ್ಸು ಸುಮಾರು 120 ದಿನ. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಬಂದವರಲ್ಲಿ ಫಲಿತಾಂಶ ಇದ್ದುದಕ್ಕಿಂತ ಹೆಚ್ಚಾಗಿ ಕಾಣಬಹುದು. ಹೆಚ್ಚು ರಕ್ತ ಹೋದವರಲ್ಲಿ, ರಕ್ತ ಹಾಕಿಸಿಕೊಂಡವರಲ್ಲಿ ಕಡಿಮೆಯಾಗಿ ಕಾಣಬಹುದು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿರುವುದರಿಂದ, ಎಚ್‌ಬಿಎ1ಸಿ ಜೊತೆಗೆ ಹಿಮೋಗ್ಲೋಬಿನ್ನನ್ನೂ ನೋಡಿಸಿಕೊಂಡು, ಮನೆಯ ಅಳತೆಗಳಿಗೂ ಲ್ಯಾಬಿನ ಅಂಕಿಗೂ ಹೊಂದಿಕೆಯಾಗುತ್ತಿದೆಯೇ ಎಂದು ಪರಿಶೀಲಿಸಬೇಕು.

ಬೆರಳು ಚುಚ್ಚುವ ಕ್ರಮ

ತಪ್ಪು ಅಂಕಿ ಬರುವುದು ಯಂತ್ರಕ್ಕಿಂತ ಹೆಚ್ಚಾಗಿ ಕೈಯಿಂದ. ಬಾಳೆಹಣ್ಣು ಸುಲಿದ ಅಥವಾ ಬೆಲ್ಲ ಮುರಿದ ಬೆರಳನ್ನು ತೊಳೆಯದೆ ಚುಚ್ಚಿದರೆ, ಚರ್ಮದ ಮೇಲಿನ ಸಿಹಿಯೇ ರಕ್ತದ ಹನಿಗೆ ಸೇರಿ ಅಂಕಿ ಎಷ್ಟೋ ಮೇಲೆ ಹೋಗುತ್ತದೆ. ಆದ್ದರಿಂದ ಸಾಬೂನಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಬೇಕು. ಒದ್ದೆ ಬೆರಳಿನಲ್ಲಿ ನೀರು ಬೆರೆತು ಅಂಕಿ ಇಳಿಯುತ್ತದೆ. ಬೆರಳ ತುದಿಯ ನಡುಭಾಗದಲ್ಲಿ ನೋವು ಹೆಚ್ಚು, ಪಕ್ಕದಲ್ಲಿ ಕಡಿಮೆ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟು, ಪಕ್ಕದಲ್ಲಿ ಚುಚ್ಚಿ, ಹನಿ ತಾನಾಗಿ ಮೂಡಲು ಬಿಡಬೇಕು. ಬೆರಳನ್ನು ಬಿಗಿಯಾಗಿ ಹಿಂಡಬಾರದು. ಒಬ್ಬರು ಬಳಸಿದ ಸೂಜಿಯನ್ನು ಗಂಡ ಹೆಂಡತಿಯರ ನಡುವೆಯೂ ಹಂಚಿಕೊಳ್ಳಬಾರದು. ರಕ್ತದಿಂದ ಹರಡುವ ಸೋಂಕು ಸಂಬಂಧ ನೋಡಿ ಬಿಡುವುದಿಲ್ಲ.

ಸ್ಟ್ರಿಪ್‌ಗಳ (ಯಂತ್ರಕ್ಕೆ ಸಿಕ್ಕಿಸಿ ರಕ್ತದ ಹನಿ ತಾಗಿಸುವ ಪಟ್ಟಿಗಳ) ಡಬ್ಬಿಯ ಮೇಲಿರುವ ಅವಧಿಯ ದಿನಾಂಕವನ್ನು ನೋಡಬೇಕು, ಸ್ಟ್ರಿಪ್ ತೆಗೆದ ತಕ್ಷಣ ಮುಚ್ಚಳ ಹಾಕಬೇಕು. ಗ್ಲುಕೋಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಅಂಕಿ 100ಕ್ಕಿಂತ ಮೇಲಿದ್ದಾಗ ಅದು ಲ್ಯಾಬಿನ ಅಂಕಿಗಿಂತ ಶೇ. 15ರವರೆಗೆ ಆಚೀಚೆ ಇರಬಹುದು. ನಿನ್ನೆ 162, ಇಂದು 174 ಬಂದಿತೆಂದು ಮನೆಯವರೆಲ್ಲ ಗಾಬರಿಯಾಗಬೇಕಿಲ್ಲ. ಆ ಎರಡು ಅಂಕಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನೋಡಬೇಕಾದದ್ದು ಹಲವು ದಿನಗಳ ಅಂಕಿಗಳು ಯಾವ ಕಡೆಗೆ ಸಾಗುತ್ತಿವೆ ಎಂಬುದನ್ನು.

ಜೋಡಿ ಅಳತೆ

ಗುಳಿಗೆಯಷ್ಟೇ ತೆಗೆದುಕೊಳ್ಳುವವರು ದಿನವೂ ಅಳೆಯಬೇಕಾಗಿಲ್ಲ. ಸ್ಟ್ರಿಪ್‌ಗಳ ಖರ್ಚು ಸಣ್ಣದಲ್ಲ, ಆ ಖರ್ಚಿಗೆ ತಕ್ಕ ಮಾಹಿತಿ ಸಿಗುವಂತೆ ಅಳೆಯಬೇಕು. ಅದಕ್ಕೆ ಅತ್ಯುತ್ತಮ ವಿಧಾನವೆಂದರೆ ಒಂದು ಊಟವನ್ನು ಆರಿಸಿಕೊಂಡು, ಅದರ ಮೊದಲ ತುತ್ತಿಗೆ ಮುನ್ನ ಒಮ್ಮೆ, ಆ ತುತ್ತಿನಿಂದ ಎರಡು ಗಂಟೆಗೆ ಸರಿಯಾಗಿ ಇನ್ನೊಮ್ಮೆ ಅಳೆಯುವುದು. ವಾರದಲ್ಲಿ ಎರಡು ಜೋಡಿ ಸಾಕು: ಒಂದು ವಾರ ಬೆಳಗಿನ ನಾಷ್ಟಾ, ಮುಂದಿನ ವಾರ ಮಧ್ಯಾಹ್ನದ ಊಟ, ಆಮೇಲಿನ ವಾರ ರಾತ್ರಿಯದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಇದು ಸಾಲದು. ಅವರು ಎಷ್ಟು ಸಲ, ಯಾವಾಗ ಅಳೆಯಬೇಕೆಂಬುದನ್ನು ವೈದ್ಯರೇ ಹೇಳಬೇಕು.

ನಮ್ಮ ಕಡೆ ಬೆಳಗಾದರೆ ಹೋಟೆಲಿನಲ್ಲಿಯೂ ಮನೆಯಲ್ಲಿಯೂ ಮಂಡಾಳಿನ (ಮಂಡಕ್ಕಿಯ) ಒಗ್ಗರಣೆ, ಅದರ ಜೊತೆ ಬಿಸಿ ಮಿರ್ಚಿ, ಮೇಲೊಂದು ಸಿಹಿ ಚಹಾ. ಒಬ್ಬರ ಪುಸ್ತಕದಲ್ಲಿ ಈ ನಾಷ್ಟಾಕ್ಕೆ ಮುನ್ನ 128, ಎರಡು ಗಂಟೆಗೆ 236 ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಏರಿಕೆ 108. ಇನ್ನೊಂದು ದಿನ ಅವರು ಒಗ್ಗರಣೆಯನ್ನು ಅರ್ಧಕ್ಕಿಳಿಸಿ, ಮಿರ್ಚಿಯ ಬದಲು ಒಂದು ಬಟ್ಟಲು ಮೊಳಕೆ ಹೆಸರುಕಾಳಿಗೆ ಉಳ್ಳಾಗಡ್ಡಿ, ನಿಂಬೆರಸ ಹಾಕಿಕೊಂಡು, ಸಕ್ಕರೆಯಿಲ್ಲದ ಚಹಾ ಕುಡಿದು ಅಳೆಯುತ್ತಾರೆ: 131, ಆಮೇಲೆ 179. ಏರಿಕೆ 48. ಮಂಡಾಳು ನೋಡಲು ಹಗುರ, ಆದರೆ ಅದು ಉಬ್ಬಿಸಿದ ಅಕ್ಕಿ. ಹೊಟ್ಟೆಯಲ್ಲಿ ಬಹು ಬೇಗ ಗ್ಲುಕೋಸ್ ಆಗುತ್ತದೆ. ಇದನ್ನು ವೈದ್ಯರು ಹತ್ತು ಸಲ ಹೇಳಿದರೂ ನಾಟದೇ ಹೋಗಬಹುದು, ಸ್ವಂತ ರಕ್ತದ ಎರಡು ಅಂಕಿಗಳು ನಾಟಿಸುತ್ತವೆ. ಒಂದು ಸಲಕ್ಕೆ ಒಂದು ಊಟವನ್ನೇ ತಿದ್ದಬೇಕು, ಮತ್ತು ಅದೇ ಊಟವನ್ನು ಇನ್ನೊಂದು ದಿನ ಅಳೆದು ಖಚಿತಪಡಿಸಿಕೊಳ್ಳಬೇಕು.

ಅಂಕಿಯನ್ನು ಯಂತ್ರದ ನೆನಪಿಗಷ್ಟೇ ಬಿಡಬಾರದು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಊಟಕ್ಕೆ ಮುನ್ನದ ಅಂಕಿ, ಊಟದ ನಂತರದ ಅಂಕಿ ಬರೆದು, ಪಕ್ಕದಲ್ಲಿ ಏನು ತಿಂದದ್ದು, ಎಷ್ಟು ನಡೆದದ್ದು, ಗುಳಿಗೆ ತಪ್ಪಿತೇ, ಜ್ವರವಿತ್ತೇ, ನಿದ್ದೆ ಕೆಟ್ಟಿತ್ತೇ ಎಂದು ನಾಲ್ಕು ಮಾತು ಬರೆಯಬೇಕು. ಓದು ಬರಹ ಬಾರದ ಹಿರಿಯರಿಗೆ ಮನೆಯ ಶಾಲೆಯ ಮಕ್ಕಳು ಬರೆದುಕೊಡಬಹುದು. ಅಂಕಿ ಹೆಚ್ಚು ಬಂದಿತೆಂದು ಅವರನ್ನು ಬೈಯುವುದು ಮಾತ್ರ ಕೂಡದು. ಬೈಸಿಕೊಂಡವರು ಮರುದಿನದಿಂದ ಅಳೆಯುವುದನ್ನೇ ಬಿಡುತ್ತಾರೆ, ಇಲ್ಲವೇ ತಿಂದದ್ದನ್ನು ಮುಚ್ಚಿಡುತ್ತಾರೆ.

ರೊಟ್ಟಿ, ಅನ್ನ, ಬೆಲ್ಲ

ತುಂಗಭದ್ರಾ ಅಣೆಕಟ್ಟಿನ ನೀರು 1950ರ ದಶಕದಿಂದ ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಹೊಲಗಳಲ್ಲಿ ಜೋಳದ ಜಾಗಕ್ಕೆ ಭತ್ತ ಬಂದಿತು. ತಟ್ಟೆಯಲ್ಲಿಯೂ ಅನ್ನದ ಪಾಲು ಬೆಳೆಯಿತು. ಈಗ ಸಕ್ಕರೆ ಬಂದವರಿಗೆ ಎಲ್ಲರೂ ಹೇಳುವ ಮಾತು "ಅನ್ನ ಬಿಡ್ರಿ, ರೊಟ್ಟಿ ಉಣ್ರಿ" ಎಂಬುದು. ಮಾತು ಅರ್ಧ ಸರಿ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದ್ದರೆ ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಇದೆ. ಆದರೆ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಾರು ಹೆಚ್ಚಿರುವುದರಿಂದ ಜೋಳದ ರೊಟ್ಟಿ ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ, ಏರಿಸದೇ ಇರುವುದಿಲ್ಲ. ಮೂರು ದೊಡ್ಡ ರೊಟ್ಟಿ ಉಂಡು "ಅನ್ನ ಮುಟ್ಟಿಲ್ಲ" ಎನ್ನುವವರ ಜೋಡಿ ಅಳತೆ ಇದನ್ನು ತೋರಿಸಿಕೊಡುತ್ತದೆ. ರೊಟ್ಟಿಯ ಸಂಖ್ಯೆಯನ್ನಷ್ಟೇ ಅಲ್ಲ, ಹಿಟ್ಟಿನ ಉಂಡೆಯ ಗಾತ್ರವನ್ನೂ ನಿಗದಿ ಮಾಡಿಕೊಳ್ಳಬೇಕು. ಅದೇ ಜೋಳ, ಅದೇ ರಾಗಿ ತೆಳ್ಳಗಿನ ಅಂಬಲಿಯಾದಾಗ ಇನ್ನೂ ಬೇಗ ಏರಿಸಬಹುದು. ಅಂಬಲಿಯನ್ನು ಔಷಧವೆಂದು ನಂಬಿ ಲೋಟಗಟ್ಟಲೆ ಕುಡಿಯುವವರು ಒಮ್ಮೆ ಅಳೆದು ನೋಡಲಿ.

ತಟ್ಟೆಯ ಅರ್ಧ ಭಾಗ ಪಲ್ಯ ಮತ್ತು ಹಸಿ ತರಕಾರಿ, ಕಾಲು ಭಾಗ ಬೇಳೆಕಾಳು, ಮೊಟ್ಟೆ ಅಥವಾ ಮೀನು, ಇನ್ನು ಕಾಲು ಭಾಗ ಮಾತ್ರ ರೊಟ್ಟಿ ಅಥವಾ ಅನ್ನ: ಈ ಕ್ರಮಕ್ಕೆ ಬೇಕಾದುದೆಲ್ಲ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಪುಂಡಿ ಪಲ್ಯ, ಮೆಂತ್ಯ ಪಲ್ಯ, ಹೆಸರುಕಾಳಿನ ಉಸುಳಿ, ಮಡಿಕೆಕಾಳು, ಹಸಿ ಸೌತೆಕಾಯಿ, ಉಳ್ಳಾಗಡ್ಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮಜ್ಜಿಗೆ ಇವನ್ನು ಹೊರಗಿನಿಂದ ತರಬೇಕಾಗಿಲ್ಲ. ಪುಂಡಿ ಪಲ್ಯಕ್ಕೆ ನುಚ್ಚು ಹಾಕಿ ಕುದಿಸುವವರು ಆ ನುಚ್ಚನ್ನೂ ರೊಟ್ಟಿಯ ಲೆಕ್ಕಕ್ಕೆ ಸೇರಿಸಬೇಕು. ಶೇಂಗಾ ಚಟ್ನಿ ಸಕ್ಕರೆಯನ್ನು ಹೆಚ್ಚು ಏರಿಸುವುದಿಲ್ಲ, ತೂಕವನ್ನು ಏರಿಸುತ್ತದೆ. ಒಂದೆರಡು ಚಮಚ ಸಾಕು. ಊಟದ ಅನುಕ್ರಮವನ್ನು ಬದಲಿಸುವುದೂ ಫಲ ಕೊಡುತ್ತದೆ: ಮೊದಲು ಹಸಿ ತರಕಾರಿ, ಪಲ್ಯ, ಕಾಳು ತಿಂದು, ರೊಟ್ಟಿ ಅನ್ನವನ್ನು ಕೊನೆಗೆ ಉಂಡರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ನಾನು ಎಲ್ಲಕ್ಕಿಂತ ಮೊದಲು ಮಾಡಿ ನೋಡಿ ಎನ್ನುತ್ತೇನೆ.

ಬೆಲ್ಲದ ಬಗ್ಗೆ ಸಂದೇಹ ಬೇಡ. ರಕ್ತದ ಸಕ್ಕರೆಯ ವಿಚಾರದಲ್ಲಿ ಬೆಲ್ಲವೂ ಸಕ್ಕರೆಯೇ, ಜೇನೂ ಹಾಗೆಯೇ. ಯುಗಾದಿಗೆ ಹೋಳಿಗೆ, ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಮಾದಲಿ ಎದುರಿಗೆ ಬಂದಾಗ ಪೂರ್ತಿ ಬೇಡವೆನ್ನುವುದು ಕಷ್ಟ. ಪ್ರಸಾದವೆನ್ನುವಷ್ಟೇ ಸ್ವಲ್ಪ ಪ್ರಮಾಣದಲ್ಲಿ ಸ್ವೀಕರಿಸಿ, ಅಂದಿನ ಊಟದಲ್ಲಿ ಒಂದು ರೊಟ್ಟಿಯನ್ನೋ ಅನ್ನವನ್ನೋ ಬಿಟ್ಟುಬಿಡಬೇಕು. ಮೇಲಿಂದ ಸೇರಿಸಬಾರದು. ಹಣ್ಣನ್ನು ರಸ ಮಾಡಿ ಕುಡಿಯದೆ ಇಡಿಯಾಗಿ ತಿನ್ನಬೇಕು. ಪೇರಲ ಒಳ್ಳೆಯದು, ಮಾವಿನ ಹಣ್ಣಾದರೆ ಒಂದೆರಡು ಹೋಳು. ಹಾಗಲಕಾಯಿ, ಮೆಂತ್ಯಕಾಳು ಊಟದ ಭಾಗವಾಗಿ ಇರಲಿ, ಗುಳಿಗೆಯ ಬದಲಿಗೆ ಬೇಡ. ಪದಾರ್ಥಗಳ ಹೆಸರಿಲ್ಲದ ಪುಡಿಯ ಪೊಟ್ಟಣ ಕೊಟ್ಟು "ಗುಳಿಗೆ ನಿಲ್ಲಿಸಿ" ಎನ್ನುವವರಿಂದ ದೂರವಿರಬೇಕು.

ನಡಿಗೆ ಮತ್ತು ದುಡಿಮೆ

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು ಎಂಬುದು ಎಲ್ಲರಿಗೂ ಹೇಳುವ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಇದನ್ನು ಸೂರ್ಯ ಏರುವ ಮುನ್ನ ಮುಗಿಸಬೇಕು. ಅಷ್ಟು ಹೊತ್ತು ಸಿಗದವರು ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ಓಣಿಯಲ್ಲಿಯೇ ಅಡ್ಡಾಡಲಿ. ಊಟದ ನಂತರದ ಏರಿಕೆಯನ್ನು ತಗ್ಗಿಸಲು ಅದು ನೇರವಾಗಿ ನೆರವಾಗುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆಯವರಂತೆ ದಿನವಿಡೀ ಕುಳಿತು ದುಡಿಯುವವರು ಅರ್ಧ ಗಂಟೆಗೊಮ್ಮೆ ಎದ್ದು ಎರಡು ಮೂರು ನಿಮಿಷ ಕೈಕಾಲು ಆಡಿಸಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿಯಂಥ ಕಡೆ ಪಾಳಿಯ ಮೇಲೆ ಹೋಗುವವರು ಗುಳಿಗೆಯ ಹೊತ್ತನ್ನು ಪಾಳಿಗೆ ಹೊಂದಿಸಿಕೊಡುವಂತೆ ವೈದ್ಯರನ್ನು ಕೇಳಬೇಕು.

ಹೊಲದಲ್ಲಿ ದುಡಿಯುವವರಿಗೆ ಎಚ್ಚರಿಕೆ ಬೇರೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನ ಶ್ರಮ ಹೆಚ್ಚಾಗಿ ಊಟ ತಡವಾದರೆ, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಗುಳಿಗೆ ಅಥವಾ ಇನ್ಸುಲಿನ್ ಮೇಲಿರುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ. ಕೈ ನಡುಗುವುದು, ತಣ್ಣನೆಯ ಬೆವರು, ಎದೆ ಡವಗುಟ್ಟುವುದು, ಕಣ್ಣು ಕತ್ತಲೆ, ಕಾರಣವಿಲ್ಲದ ಸಿಟ್ಟು ಇವು ಅದರ ಲಕ್ಷಣಗಳು. ಬಿಸಿಲಿನ ದಣಿವೆಂದು ನೆರಳಲ್ಲಿ ಮಲಗಿಬಿಟ್ಟರೆ ಪ್ರಾಣಕ್ಕೆ ಕುತ್ತು. ಅಂಕಿ 70ಕ್ಕಿಂತ ಕೆಳಗಿದ್ದರೆ, ಅಥವಾ ಅಳೆಯಲು ಯಂತ್ರವೇ ಇಲ್ಲದಿದ್ದರೆ ಕೂಡ, ತಕ್ಷಣ 15 ಗ್ರಾಂ ಗ್ಲುಕೋಸ್ ಪುಡಿಯನ್ನು, ಅಂದರೆ ಮೂರು ಚಹಾ ಚಮಚದಷ್ಟನ್ನು, ನೀರಿನಲ್ಲಿ ಕಲಸಿ ಕುಡಿಯಬೇಕು. ಅದಿಲ್ಲದಿದ್ದರೆ ಅಷ್ಟೇ ಸಕ್ಕರೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆದು, ಏರಿಲ್ಲದಿದ್ದರೆ ಮತ್ತೊಮ್ಮೆ ಕುಡಿದು, ಸರಿಹೋದ ಮೇಲೆ ಊಟ ಮಾಡಬೇಕು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲುಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಗ್ಲುಕೋಸ್ ಪೊಟ್ಟಣವೊಂದು ಬುತ್ತಿಯ ಗಂಟಿನಲ್ಲಿ ಸದಾ ಇರಲಿ, ಜೊತೆಯಲ್ಲಿ ದುಡಿಯುವವರಿಗೆ ಕಾಯಿಲೆಯ ವಿಷಯ ತಿಳಿದಿರಲಿ.

ರಂಜಾನ್ ಉಪವಾಸ ಹಿಡಿಯುವವರು ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣ, ಹೊತ್ತು ಬದಲಿಸಿಕೊಳ್ಳಬೇಕು. ಬೆರಳು ಚುಚ್ಚಿ ಅಳೆಯುವುದರಿಂದ ಉಪವಾಸ ಮುರಿಯುವುದಿಲ್ಲ. ಅಂಕಿ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಲೇಬೇಕು. ಶ್ರಾವಣದ ಒಪ್ಪತ್ತಿಗೂ ಶಿವರಾತ್ರಿಗೂ ಇದೇ ಎಚ್ಚರ. ಒಪ್ಪತ್ತಿನ ಫಳಾರದಲ್ಲಿ ಸಾಬೂದಾಣಿಯೇ ಹೆಚ್ಚಾದರೆ ಅದು ಊಟಕ್ಕಿಂತ ಹೆಚ್ಚು ಏರಿಸುತ್ತದೆ.

ಬಿಸಿಲಿನಲ್ಲಿ ಇನ್ಸುಲಿನ್

ತೆರೆಯದ ಇನ್ಸುಲಿನ್ ಸೀಸೆ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ಒಳಗೆ, ಐಸ್ ಕಟ್ಟುವ ಭಾಗದಿಂದ ದೂರ ಇರಬೇಕು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸಬಾರದು. ಬಳಕೆಯಲ್ಲಿರುವ ಸೀಸೆ ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ತಾಳುತ್ತದೆ ಎಂಬುದು 25–30 ಡಿಗ್ರಿಯ ಕೋಣೆಗೆ ಅನ್ವಯಿಸುವ ಮಾತು, ರಾಯಚೂರಿನ ಮೇ ತಿಂಗಳ ಕೋಣೆಗಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆಯನ್ನಿಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನವೂ ಎರಡು ಹೊತ್ತು ನೀರು ಹಾಕಿ, ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಡಬೇಕು. ಗಾಳಿಯಾಡುವ ನೆರಳಿನಲ್ಲಿಟ್ಟ ಇಂಥ ಗಡಿಗೆ ಹೊರಗಿಗಿಂತ ಹಲವು ಡಿಗ್ರಿ ತಂಪಾಗಿರುತ್ತದೆ. ಬೈಕಿನ ಡಿಕ್ಕಿಯಲ್ಲಿ, ಬಸ್ಸಿನ ಕಿಟಕಿಯ ಬಳಿ ಇನ್ಸುಲಿನ್ನನ್ನಾಗಲಿ ಸ್ಟ್ರಿಪ್‌ಗಳನ್ನಾಗಲಿ ಇಡಬಾರದು. ಕಾರಣವಿಲ್ಲದೆ ಅಂಕಿಗಳು ಏರತೊಡಗಿದಾಗ ಇನ್ಸುಲಿನ್ ಬಿಸಿಗೆ ಕೆಟ್ಟಿರಬಹುದೇ ಎಂದು ಮೊದಲು ಯೋಚಿಸಬೇಕು.

ಪಾದ

ಸಕ್ಕರೆಯಿಂದ ನರಗಳು ಮಂದವಾದ ಪಾದಕ್ಕೆ ನೋವು ತಿಳಿಯುವುದಿಲ್ಲ. ನಮ್ಮ ಹೊಲದ ಬದು, ಹಳ್ಳದ ದಂಡೆಗಳ ತುಂಬ ಬೆಳೆದಿರುವ ಬಳ್ಳಾರಿ ಜಾಲಿಯ ಮುಳ್ಳು ತೆಳುವಾದ ರಬ್ಬರ್ ಚಪ್ಪಲಿಯನ್ನು ತೂರಿ ಒಳಗೆ ಮುರಿದುಕೊಂಡರೂ ಅಂಥವರು ನಡೆದೇ ಇರುತ್ತಾರೆ. ಕೀವಾಗಿ ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾಗುವುದು. ಆದ್ದರಿಂದ ದಿನವೂ ರಾತ್ರಿ ಪಾದ ತೊಳೆದು, ಬೆರಳ ಸಂದುಗಳನ್ನೂ ಒರೆಸಿ, ಒಳ್ಳೆಯ ಬೆಳಕಿನಲ್ಲಿ ಅಂಗಾಲು ನೋಡಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಬೇಕು, ಕಣ್ಣು ಮಂದವಿದ್ದರೆ ಮನೆಯವರು ನೋಡಿಕೊಡಬೇಕು. ಬೊಕ್ಕೆ, ಬಿರುಕು, ಬಣ್ಣ ಬದಲಾದ ಚರ್ಮ, ಉಗುರಿನ ಪಕ್ಕದ ಊತ ಕಂಡರೆ ಎರಡು ದಿನ ನೋಡೋಣ ಎನ್ನದೆ ಆಸ್ಪತ್ರೆಗೆ ಹೋಗಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಪಾದಕ್ಕೆ ಬಿಸಿ ಇಟ್ಟಿಗೆಯ ಶಾಖ ಕೊಡಬಾರದು. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ಮುಳ್ಳು, ಮೊಳೆ ಇದೆಯೇ ನೋಡಬೇಕು. ಹುಲಿಗೆಮ್ಮನ ಗುಡಿಗೋ ಅಂಜನಾದ್ರಿಗೋ ಹೋಗುವವರು ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯದೆ ನಸುಕಿನಲ್ಲಿಯೇ ದರ್ಶನ ಮುಗಿಸಬೇಕು. ತಂಬಾಕು, ಗುಟ್ಕಾ, ಬೀಡಿ ಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತವೆ. ಪಾದ ಉಳಿಯಬೇಕಾದರೆ ಅವನ್ನು ಬಿಡಲೇಬೇಕು.

ವೈದ್ಯರ ಬಳಿಗೆ

ವಾಂತಿ, ಭೇದಿ ಅಥವಾ ಜ್ವರ ಬಂದ ದಿನ ಅಳತೆಯನ್ನು ಹೆಚ್ಚಿಸಬೇಕು. ಊಟ ಸೇರಲಿಲ್ಲವೆಂದು ಇನ್ಸುಲಿನ್ನನ್ನು ತಾವಾಗಿ ನಿಲ್ಲಿಸಬಾರದು. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಗುಳಿಗೆಗಳನ್ನು ಆ ದಿನಗಳಲ್ಲಿ ತಡೆಹಿಡಿಯಬೇಕೇ ಎಂದು ಫೋನಿನಲ್ಲಾದರೂ ಕೇಳಬೇಕು. ಅಂಕಿ 300ರ ಮೇಲೆಯೇ ನಿಂತು, ವಾಂತಿ, ಏದುಸಿರು, ಮಂಪರು ಸೇರಿಕೊಂಡರೆ ರಾತ್ರಿಯೆಂದು ನೋಡದೆ ಆಸ್ಪತ್ರೆ ಸೇರಬೇಕು.

ವರ್ಷಕ್ಕೊಮ್ಮೆ ಕಣ್ಣಿಗೆ ಔಷಧ ಹಾಕಿ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡಿಸಬೇಕು. ಚಷ್ಮಾದ ಅಂಗಡಿಯ ಪರೀಕ್ಷೆ ಅದಕ್ಕೆ ಬದಲಿಯಲ್ಲ, ಏಕೆಂದರೆ ಅಕ್ಷಿಪಟಲದ ಹಾನಿ ಬಹಳ ಕಾಲ ದೃಷ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮೂತ್ರಪಿಂಡದ ಸ್ಥಿತಿ ತಿಳಿಸುವ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಪಾದದ ಸ್ಪರ್ಶಜ್ಞಾನ ಇವೂ ವರ್ಷಕ್ಕೊಮ್ಮೆ ಆಗಬೇಕು. ರಕ್ತದೊತ್ತಡವನ್ನು ಪ್ರತಿ ಭೇಟಿಯಲ್ಲಿಯೂ ನೋಡಿಸಬೇಕು. 130/80ರೊಳಗೆ ಇರುವುದು ಒಳ್ಳೆಯದು. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬರಿಂದೊಬ್ಬರಿಗೆ ಅಂಟದ ಕಾಯಿಲೆಗಳಿಗಾಗಿ ಇರುವ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಸಕ್ಕರೆ, ರಕ್ತದೊತ್ತಡದ ತಪಾಸಣೆಯೂ ಸಾಮಾನ್ಯ ಗುಳಿಗೆಗಳೂ ಉಚಿತವಾಗಿ ಸಿಗುತ್ತವೆ, ಮೂವತ್ತು ದಾಟಿದ ಮನೆಮಂದಿಯೂ ಅಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಭೇಟಿಗೆ ಹೋಗುವ ಹಿಂದಿನ ದಿನ ನೋಟ್‌ಬುಕ್ಕಿನಲ್ಲಿ 70ಕ್ಕಿಂತ ಕೆಳಗಿನ ಅಂಕಿಗಳಿಗೆ ಒಂದು ಬಣ್ಣದ, 180ಕ್ಕಿಂತ ಮೇಲಿನವುಗಳಿಗೆ ಇನ್ನೊಂದು ಬಣ್ಣದ ಗೆರೆ ಎಳೆದಿಡಬೇಕು. ಹೊರರೋಗಿ ವಿಭಾಗದಲ್ಲಿ ಸಿಗುವುದು ಕೆಲವೇ ನಿಮಿಷ, ಗುರುತು ಹಾಕಿದ ಪುಟವನ್ನು ವೈದ್ಯರ ಮುಂದೆ ತೆರೆದಿಟ್ಟು, "ಸಾಹೇಬ್ರ, ಮುಂಜಾನಿ ಸರಿ ಇರ್ತೈತಿ, ರಾತ್ರಿ ಊಟ ಆದ ಮ್ಯಾಲ ಏರ್ತೈತಿ, ಗುಳಿಗಿ ಹೊತ್ತು ಬದಲಿ ಮಾಡ್ಬೇಕೇನ್ರಿ?" ಎಂದು ನೇರವಾಗಿ ಕೇಳಬೇಕು, ಅವರು ಕೊಟ್ಟ ಉತ್ತರವನ್ನು ಅದೇ ಪುಟದ ಕೆಳಗೆ ದಿನಾಂಕ ಹಾಕಿ ಬರೆದುಕೊಳ್ಳಬೇಕು.